ಹಳೆಯ ಮರಕ್ಕೂ ಉಸಿರಾಡುವ ಮಣ್ಣು ಬೇಕು

ವಡೋದರದಲ್ಲಿ ವಿಶ್ವಾಮಿತ್ರಿ ನದಿಯ ದಂಡೆಗೆ ಹಬ್ಬಿರುವ ಸಯಾಜಿ ಬಾಗ್ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು 1879ರಲ್ಲಿ ಮಾಡಿಸಿದ ಉದ್ಯಾನ. ಊರಿನವರಿಗೆ ಅದು ಕಮಾಟಿ ಬಾಗ್. ಆ ಊರಿಗೂ ನಮ್ಮ ಬೆಂಗಳೂರಿನ ಲಾಲ್‌ಬಾಗಿಗೂ ಹಳೆಯ ನಂಟಿದೆ. ಜರ್ಮನಿಯ ಸಸ್ಯತಜ್ಞ ಕ್ರುಂಬಿಗಲ್ 1893ರಲ್ಲಿ ಲಂಡನ್ನಿನ ಕ್ಯೂ ಉದ್ಯಾನ ಬಿಟ್ಟು ಬರೋಡಾ (ವಡೋದರ) ಸಂಸ್ಥಾನದ ಕೆಲಸಕ್ಕೆ ಬಂದರು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಲಾಲ್‌ಬಾಗಿನ ಕೆಲಸಕ್ಕಾಗಿ ಬೆಂಗಳೂರಿಗೆ ಕರೆಸಿಕೊಂಡಿತು. ವರ್ಷದ ಎಲ್ಲ ತಿಂಗಳಲ್ಲೂ ಒಂದಲ್ಲ ಒಂದು ಮರ ಹೂವಾಗಿರಬೇಕೆಂದು ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿ ಕೊಟ್ಟವರು ಅವರೇ.

ಇಂಥ ಉದ್ಯಾನಗಳಲ್ಲಿ ಮರಗಳು ನೂರಾರು ವರ್ಷ ಹೇಗೆ ಬಾಳುತ್ತವೆ? ಲಾಲ್‌ಬಾಗಿನ ಸುಮಾರು ಇನ್ನೂರು ವರ್ಷದ ಬಿಳಿ ಬೂರುಗವನ್ನೇ ನೋಡಿ. ಬುಡದಲ್ಲಿ ಬೇರುಗಳು ದಪ್ಪ ಹಲಗೆಗಳಂತೆ ಎದ್ದು ನಾಲ್ಕೂ ದಿಕ್ಕಿಗೆ ಚಾಚಿವೆ. ಗಾಳಿ ಕಾಂಡವನ್ನು ತಳ್ಳಿದಾಗ ಆ ಒತ್ತಡವನ್ನು ಅವು ಅಗಲವಾದ ನೆಲಕ್ಕೆ ಹಂಚಿಬಿಡುತ್ತವೆ. ಬೇರು ಆಳಕ್ಕಿಳಿಯದಿದ್ದರೂ ಮರ ನಿಲ್ಲುವುದು ಇದರ ಬಲದಿಂದ.

ಅಷ್ಟು ದೊಡ್ಡ ಕಾಂಡದಲ್ಲಿ ಬದುಕಿರುವ ಭಾಗ ಮಾತ್ರ ಸ್ವಲ್ಪವೇ. ತೊಗಟೆಯ ಒಳಗಿನ ತೆಳುವಾದ ಪದರ ಹೊಸ ಕೋಶಗಳನ್ನು ಹುಟ್ಟಿಸುತ್ತದೆ. ಅದರ ಪಕ್ಕದ ಎಳೆಯ ಕಟ್ಟಿಗೆ ನೀರನ್ನು ಮೇಲಕ್ಕೆ ಒಯ್ಯುತ್ತದೆ. ನಡುವಿನ ತಿರುಳು ಎಂದೋ ಸತ್ತ ಕಟ್ಟಿಗೆ. ಆದ್ದರಿಂದ ಪೊಟರೆ ಬಿದ್ದ ಮರವೆಲ್ಲ ಸಾಯುವ ಮರವಲ್ಲ. ಹೊರಗಿನ ಗೋಡೆ ಸಾಕಷ್ಟು ದಪ್ಪಗಿದ್ದರೆ ಅದು ಇನ್ನೂ ದಶಕಗಟ್ಟಲೆ ಬಾಳೀತು. ಆ ಪೊಟರೆಯಲ್ಲಿ ಗಿಳಿ, ಗೂಬೆಗಳ ಸಂಸಾರ ನಡೆಯುತ್ತದೆ.

ಮರಕ್ಕೆ ನಿಜವಾದ ಕುತ್ತು ಬರುವುದು ನೆಲದಿಂದ. ನೀರು, ಲವಣಗಳನ್ನು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಅವಕ್ಕೂ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳೇ ಅವುಗಳ ಗಾಳಿಯ ದಾರಿ. ವಾಹನ ಓಡಾಡಿ ಮಣ್ಣು ಗಟ್ಟಿಯಾದರೆ, ಬುಡದವರೆಗೆ ಕಾಂಕ್ರೀಟು ಸುರಿದರೆ ಆ ದಾರಿ ಮುಚ್ಚಿಹೋಗುತ್ತದೆ. ಬೇರು ಸಾಯುತ್ತಾ ಬಂದ ಮರ ಕೆಲವು ವರ್ಷ ಹಸಿರಾಗಿಯೇ ಕಾಣುತ್ತದೆ. ಆಮೇಲೆ ತುದಿಗೊಂಬೆಗಳು ಒಣಗುತ್ತವೆ, ಒಂದು ಬಿರುಮಳೆಗೆ ಮರ ಉರುಳುತ್ತದೆ. ನಾವು ಮಳೆಯನ್ನು ದೂರುತ್ತೇವೆ.

ಹಳೆಯ ಉದ್ಯಾನಗಳು ಮರಗಳಿಗೆ ಕೊಟ್ಟ ದೊಡ್ಡ ಕೊಡುಗೆ ತೆರೆದ ಮಣ್ಣು. ಮಿಲ್ಲುಗಳೇ ತುಂಬಿದ ಸೂರತ್ತಿನ ಪಾಂಡೇಸರಾ ಇರಲಿ, ಬೆಂಗಳೂರಿನ ಬಸವನಗುಡಿ ಇರಲಿ, ಮರಕ್ಕೆ ತೆರೆದ ಮಣ್ಣು ಬೇಕೆಂಬ ನಿಯಮ ಬದಲಾಗದು. ನಿಮ್ಮ ಬೀದಿಯ ಮರದ ಬುಡಕ್ಕೆ ಸಿಮೆಂಟು ಮೆತ್ತಿದ್ದರೆ ಅದನ್ನು ಬಿಡಿಸಲು ನಗರಪಾಲಿಕೆಗೆ ಇಂದೇ ಅರ್ಜಿ ಕೊಡಿ. ಉದುರಿದ ಎಲೆಗೆ ಬೆಂಕಿ ಹಚ್ಚಬೇಡಿ, ಬುಡದಲ್ಲೇ ಕೊಳೆಯಲು ಬಿಡಿ. ಸಸಿ ನೆಡುವುದು ಒಳ್ಳೆಯದೇ. ಆದರೆ ಇನ್ನೂರು ವರ್ಷದ ಮರಕ್ಕೆ ಬದಲಿಯಾಗಲು ಸಸಿಗೆ ಇನ್ನೂರು ವರ್ಷವೇ ಬೇಕು.