ಮಳೆ ಹೊಳವಾಗಲೆಂದು ಕಾದೆ

ನಮ್ಮ ಬೆಕ್ಕಿನ ಮರಿ ಕೆಂಚನಿಗೆ 8ನೇ ವಾರದಲ್ಲೇ ಲಸಿಕೆ ಹಾಕಿಸಿದ್ದೆ. ಮೂರು ವಾರ ಬಿಟ್ಟು ಮತ್ತೆ ತನ್ನಿ ಎಂದು ಡಾಕ್ಟರು ಕಾರ್ಡಿನಲ್ಲಿ ಬರೆದುಕೊಟ್ಟಿದ್ದರು. ಆಗ ಸಾಗರದಲ್ಲಿ ಆಷಾಢದ ಮಳೆ. ಬುಟ್ಟಿಯಲ್ಲಿ ಮರಿಯನ್ನಿಟ್ಟುಕೊಂಡು ಈ ಜಡಿಯಲ್ಲಿ ಹೋಗುವುದು ಬೇಡ, ಹೊಳವಾಗಲಿ ಎಂದುಕೊಂಡೆ. ಒಂದು ಸೂಜಿ ಬಿದ್ದಿದೆಯಲ್ಲ ಎಂಬ ಧೈರ್ಯ ಬೇರೆ.

13ನೇ ವಾರದಲ್ಲಿ ಕೆಂಚ ಹಾಲು ಬಿಟ್ಟ. ಹಳದಿ ನೊರೆಯ ವಾಂತಿ. ನೀರಿನ ಬಟ್ಟಲ ಮೇಲೆ ತಲೆ ಬಗ್ಗಿಸಿ ಕೂತೇ ಇರುತ್ತಿದ್ದ, ಕುಡಿಯುತ್ತಿರಲಿಲ್ಲ. ಡ್ರಿಪ್ ಹಾಕಿಸಿದರೂ ಮೂರನೇ ದಿನ ಹೋಗಿಬಿಟ್ಟ. ಪ್ಯಾನ್‌ಲ್ಯುಕೋಪೀನಿಯ ಎಂದರು ಡಾಕ್ಟರು. ನಾಯಿಮರಿಗಳನ್ನು ಕೊಲ್ಲುವ ಪಾರ್ವೊದ ದಾಯಾದಿ ವೈರಸ್ಸು. ಕರುಳನ್ನೂ ಮೂಳೆಮಜ್ಜೆಯನ್ನೂ ಒಟ್ಟಿಗೇ ಹಿಡಿಯುತ್ತದೆ. ರೋಗದೊಡನೆ ಕಾದಾಡಬೇಕಾದ ಬಿಳಿ ರಕ್ತಕಣಗಳೇ ಬರಿದಾಗುತ್ತವೆ.

"ಲಸಿಕೆ ಹಾಕಿಸಿದ್ದೆನಲ್ಲ ಡಾಕ್ಟ್ರೇ?" ಎಂದು ಅತ್ತೆ. ಅವರು ಬೈಯಲಿಲ್ಲ, ಕೂರಿಸಿ ತಿಳಿಸಿದರು. ಗಿಣ್ಣುಹಾಲಿನ ಜೊತೆ ತಾಯಿಬೆಕ್ಕು ತನ್ನ ರೋಗನಿರೋಧಕಗಳನ್ನೂ ಮರಿಗೆ ಕೊಡುತ್ತದೆ. ಅವು ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ರೋಗವೆಂದೇ ತಿಳಿದು ಅಳಿಸಿಹಾಕುತ್ತವೆ. ಒಂದು ಮರಿಯಲ್ಲಿ ಅವು 8 ವಾರಕ್ಕೇ ಕರಗಬಹುದು, ಇನ್ನೊಂದರಲ್ಲಿ 16ರವರೆಗೂ ಉಳಿಯಬಹುದು, ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ 6ರಿಂದ 8ನೇ ವಾರಕ್ಕೆ ಶುರುಮಾಡಿ, ಮೂರು-ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕಿಸುತ್ತಲೇ ಇರಬೇಕು. ತಾಯಿಯ ಕಾವಲು ಮುಗಿದು, ಲಸಿಕೆಯ ಕಾವಲು ಇನ್ನೂ ನಿಲ್ಲದ ಆ ಸಂದಿನಲ್ಲಿ ನಾನು ಕಿಟಕಿಯ ಹತ್ತಿರ ಮಳೆ ನೋಡುತ್ತಿದ್ದೆ.

ಕೆಂಚ ಹೊಸಿಲು ದಾಟಿದವನೇ ಅಲ್ಲ. "ಮನೆಯೊಳಗಿನ ಬೆಕ್ಕಿಗೆ ಎಂಥ ರೋಗ ಮಾರಾಯ್ತಿ" ಎನ್ನುವವರಿಗೆ ಇದನ್ನೇ ಹೇಳುತ್ತೇನೆ: ಈ ವೈರಸ್ಸು ನಮ್ಮ ಚಪ್ಪಲಿಯಲ್ಲಿ ಒಳಗೆ ಬರುತ್ತದೆ, ನೆಲದಲ್ಲಿ ವರ್ಷದವರೆಗೂ ಬದುಕಿರಬಲ್ಲದು. ಫಿನಾಯಿಲಿಗೆ ಬಗ್ಗುತ್ತದೆಂದು ನೆಚ್ಚುವಂತಿಲ್ಲ. ಫಿನಾಯಿಲ್ ಬೆಕ್ಕಿಗೇ ವಿಷ. ಬಟ್ಟೆಗೆ ಹಾಕುವ ಬ್ಲೀಚ್ ಒಂದು ಪಾಲಿಗೆ 32 ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿರುವಂತೆ ಜಗಲಿಯವರೆಗೂ ಒರೆಸಿದೆ. ಅವನು ಮಲಗುತ್ತಿದ್ದ ಗೋಣಿತಾಟನ್ನು ಸುಟ್ಟೆ.

ಪ್ಯಾನ್‌ಲ್ಯುಕೋಪೀನಿಯದ ಸೂಜಿಯಲ್ಲೇ ಹರ್ಪಿಸ್, ಕ್ಯಾಲಿಸಿ ಎಂಬ ಇನ್ನೆರಡು ವೈರಸ್ಸುಗಳಿಗೂ ಮದ್ದಿರುತ್ತದೆ. ಮರಿಗಳ ಕಣ್ಣು ಪಿಸಿರಿನಿಂದ ಅಂಟಿಕೊಳ್ಳುವುದು, ನಾಲಿಗೆಯಲ್ಲಿ ಹುಣ್ಣಾಗುವುದು ಹೆಚ್ಚಾಗಿ ಇವುಗಳಿಂದ. ಲಸಿಕೆ ಇವನ್ನು ಪೂರ್ತಿ ತಡೆಯದಿದ್ದರೂ ಜೋರಾಗಲು ಬಿಡುವುದಿಲ್ಲ. ರೇಬೀಸಿನದು ಬೇರೆ ಸೂಜಿ, ಮೂರು ತಿಂಗಳು ತುಂಬಿದ ಮೇಲೆ. ಅದು ಬೆಕ್ಕಿಗಷ್ಟೇ ಅಲ್ಲ, ಅದನ್ನು ಮಡಿಲಲ್ಲಿ ಮಲಗಿಸಿಕೊಳ್ಳುವ ನಮ್ಮ ಮಕ್ಕಳಿಗೂ ಬೇಕಾದದ್ದು.

ಒಂದು ವರ್ಷ ಬೇರೆ ಮರಿ ತರಲಿಲ್ಲ. ಈ ಸಲ ಚಿಟ್ಟೆ ಎಂಬ ಹೊಸ ಮರಿಗೆ ಅದರ ತಾಯಿ ಇದ್ದ ಮನೆಯಲ್ಲೇ ಎರಡು ಸೂಜಿ ಹಾಕಿಸಿ, ಆಮೇಲೆ ಕರೆತಂದೆ. ಗುರುವಾರಕ್ಕೆ ಅವಳಿಗೆ 16 ವಾರ. ಮತ್ತೆ ಜಡಿಮಳೆ ಹಿಡಿದಿದೆ. ಆಟೋದವರಿಗೆ ಈಗಲೇ ಹೇಳಿಟ್ಟಿದ್ದೇನೆ, ಬುಟ್ಟಿಗೆ ಹೊದಿಸಲು ಪ್ಲಾಸ್ಟಿಕ್ಕನ್ನೂ ತೆಗೆದಿಟ್ಟಿದ್ದೇನೆ.