ಕಾಂಡೋಮ್ ಹಂಚಿದವರ ಮೆರವಣಿಗೆ

2006ರ ಮಾರ್ಚ್‌ನಲ್ಲಿ ರಾಜಪೀಪ್ಲಾ ರಾಜಮನೆತನದ ಮಾನವೇಂದ್ರ ಸಿಂಗ್ ಗೋಹಿಲ್ ತಾವು ಸಲಿಂಗಿ ಎಂದು ಗುಜರಾತಿ ಪತ್ರಿಕೆಯೊಂದರಲ್ಲಿ ಹೇಳಿಕೊಂಡರು. ಊರಿನ ಬೀದಿಯಲ್ಲಿ ಅವರ ಪ್ರತಿಕೃತಿ ಉರಿಯಿತು. ಇವನಿಗೂ ನಮಗೂ ಸಂಬಂಧವಿಲ್ಲ ಎಂದು ಹೆತ್ತವರೇ ಪ್ರಕಟಣೆ ಹೊರಡಿಸಿದರು. ಆದರೆ ಅಷ್ಟು ಹೊತ್ತಿಗಾಗಲೇ ಅವರ ಲಕ್ಷ್ಯ ಟ್ರಸ್ಟ್ ವಡೋದರಾದಲ್ಲಿ ಆರು ವರ್ಷದಿಂದ ಸದ್ದಿಲ್ಲದೆ ನಡೆದಿತ್ತು. ಕಾಂಡೋಮ್ ಹಂಚುವುದು, ಅಂಜುವವರನ್ನು ಎಚ್‌ಐವಿ ಪರೀಕ್ಷೆಗೆ ಒಪ್ಪಿಸುವುದು ಅದರ ಕೆಲಸ.

ಗುಜರಾತಿನ ಲೈಂಗಿಕ ಅಲ್ಪಸಂಖ್ಯಾತರ ಮೆರವಣಿಗೆಯಾದ ಪ್ರೈಡ್‌ಗೆ ನೆಲ ಹದ ಮಾಡಿದ್ದು ಇಂಥ ಕೆಲಸವೇ. ಆರೋಗ್ಯ ಇಲಾಖೆಯ ಜತೆ ದಿನವೂ ವ್ಯವಹರಿಸುವವರು ಬೀದಿಯಲ್ಲಿ ಸರ್ಕಾರಕ್ಕೆ ಧಿಕ್ಕಾರ ಕೂಗುವುದು ಕಷ್ಟ. 2001ರಲ್ಲಿ ಲಖನೌದಲ್ಲಿ ಇದೇ ಕೆಲಸ ಮಾಡುತ್ತಿದ್ದವರನ್ನು, ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ ತೋರಿಸಿ ಒಂದೂವರೆ ತಿಂಗಳು ಜೈಲಿಗೆ ಹಾಕಿದ್ದರು. ಹೀಗಿರುವಾಗ ಆ ಎಚ್ಚರಿಕೆಯನ್ನು ಪುಕ್ಕಲುತನ ಎನ್ನಲು ನನಗೆ ಮನಸ್ಸು ಬಾರದು. 2013ರ ಅಕ್ಟೋಬರ್ 6ರಂದು ಸೂರತ್, ಡಿಸೆಂಬರ್ 2ರಂದು ಅಹಮದಾಬಾದ್ ಮೆರವಣಿಗೆ ಕಂಡವು. ಒಂಬತ್ತೇ ದಿನಕ್ಕೆ ಸುಪ್ರೀಂ ಕೋರ್ಟ್ 377ನ್ನು ಮತ್ತೆ ಎತ್ತಿಹಿಡಿಯಿತು. ರಾಜಕೀಯ ಬೇಡ ಎಂದವರ ಮನೆ ಬಾಗಿಲಿಗೇ ರಾಜಕೀಯ ಬಂದು ನಿಂತಿತು.

ಬೆಂಗಳೂರಿನ ದಾರಿ ಬೇರೆ. ಇಲ್ಲಿ ಮೊದಲು ಬಂದದ್ದು ಲೈಂಗಿಕ ಅಲ್ಪಸಂಖ್ಯಾತರ ಪರ ಸಂಸ್ಥೆ 'ಸಂಗಮ'ದ ಸಂಘಟನೆ, ಪೊಲೀಸ್ ದೌರ್ಜನ್ಯದ ಬಗ್ಗೆ ಮಾನವ ಹಕ್ಕು ಸಂಘಟನೆ ಪಿಯುಸಿಎಲ್ ವರದಿಗಳು. 2008ರ ಜೂನ್ 29ರ ಮೊದಲ ಮೆರವಣಿಗೆ ಅದರ ನಂತರದ್ದು. ಹಿಜ್ರಾಗಳೂ ಲೈಂಗಿಕ ಕಾರ್ಮಿಕರೂ ಚಳವಳಿಯ ನಡುಮಧ್ಯೆಯೇ ಇದ್ದುದರಿಂದ ಲಾಠಿ, ಬಾಡಿಗೆ ಮನೆ, ಜಾತಿ ಯಾವುದೂ ಇಲ್ಲಿ 'ಬೇರೆಯವರ ವಿಷಯ' ಆಗಲಿಲ್ಲ.

ಮೆರವಣಿಗೆಯಲ್ಲಿ ರಾಜಕೀಯ ಬೇಕೇ ಬೇಡವೇ ಎಂಬ ಜಗಳ ಬಯಲಿಗೆ ಬಿದ್ದದ್ದು ಮುಂಬೈಯಲ್ಲಿ. ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) ವಿರೋಧಿ ಹೋರಾಟದ ಕಾವು ಇದ್ದುದರಿಂದ 2020ರ ಮೆರವಣಿಗೆಗೆ ಪೊಲೀಸರು ಅನುಮತಿ ಕೊಡಲಿಲ್ಲ. ಫೆಬ್ರುವರಿ 1ರಂದು ಆಜಾದ್ ಮೈದಾನದಲ್ಲಿ ಬರೀ ಸಭೆ. ಅಲ್ಲಿ ಬಂಧನದಲ್ಲಿದ್ದ ಸಿಎಎ ವಿರೋಧಿ ಹೋರಾಟಗಾರ ಶಾರ್ಜೀಲ್ ಇಮಾಮ್ ಪರ ಘೋಷಣೆ ಎದ್ದಿತು. ಸುಮಾರು ಐವತ್ತು ಜನರ ಮೇಲೆ ರಾಜದ್ರೋಹದ ಕೇಸು ಬಿತ್ತು. ಆ ಘೋಷಣೆ ನಮ್ಮದಲ್ಲ ಎಂದು ಸಂಘಟಕರು ಕೈತೊಳೆದುಕೊಂಡರು. ಮುಂದಿನ ವರ್ಷದ ಅನುಮತಿಗೆ ಅದೇ ಪೊಲೀಸರ ಮುಂದೆ ನಿಲ್ಲಬೇಕಾದವರು ಅವರೇ ಎಂಬುದನ್ನು ಮರೆಯುವಂತಿಲ್ಲ. ಆದರೂ ಪೌರತ್ವ ಪ್ರೈಡ್‌ಗೆ ಸಂಬಂಧಿಸಿದ್ದಲ್ಲ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಹದಿನೈದಕ್ಕೆ ಮನೆ ಬಿಟ್ಟ ಹಿಜ್ರಾಳ ರೇಷನ್ ಕಾರ್ಡಿನಲ್ಲಿರುವುದು ಹುಡುಗನ ಹೆಸರು. ಆ ಕಾರ್ಡಿರುವುದೂ ಅವಳನ್ನು ಹೊರಹಾಕಿದ ಅಪ್ಪನ ಕಪಾಟಿನಲ್ಲಿ. ಅಸ್ಸಾಂನ ಪೌರರ ಪಟ್ಟಿಯಾದ ಎನ್‌ಆರ್‌ಸಿಯಿಂದ ಟ್ರಾನ್ಸ್‌ಜೆಂಡರ್ ಜನ ಹೊರಗುಳಿದಿದ್ದಾರೆಂಬ ಅರ್ಜಿ ಆಗ ಸುಪ್ರೀಂ ಕೋರ್ಟಿನ ಮುಂದೆಯೇ ಇತ್ತು.

ಅದೇ ವರ್ಷದ ನವೆಂಬರ್ 25ರಂದು ಕೇಂದ್ರ ಸಚಿವ ಥಾವರಚಂದ್ ಗೆಹ್ಲೋಟ್ ವಡೋದರಾದಲ್ಲಿ ಲಕ್ಷ್ಯ ನಡೆಸುವ 'ಗರಿಮಾ ಗೃಹ'ವನ್ನು ಆನ್‌ಲೈನಿನಲ್ಲೇ ಉದ್ಘಾಟಿಸಿದರು. ಮನೆಯಿಂದ ಹೊರದಬ್ಬಿಸಿಕೊಂಡ ಟ್ರಾನ್ಸ್‌ಜೆಂಡರ್ ಜನರಿಗೆ ಸರ್ಕಾರದ ಖರ್ಚಿನಲ್ಲಿ ಊಟ, ವಸತಿ. ತಗ್ಗಿದ ದನಿಯ ದಾರಿಗೆ ಸಿಕ್ಕ ಫಲ ಎನ್ನಿ. ಅದೇ ಸಮಾರಂಭದಲ್ಲಿ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿಯ ಪೋರ್ಟಲ್ಲೂ ಶುರುವಾಯಿತು. ಆ ಚೀಟಿಗೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಬೇಕೆನ್ನುವ ನಿಯಮವನ್ನು ಧಿಕ್ಕರಿಸಿಯೇ ಹಿಂದಿನ ವರ್ಷ ದೇಶದುದ್ದಕ್ಕೂ ಸಮುದಾಯದವರು ಬೀದಿಗಿಳಿದಿದ್ದರು.