ಮರ್ವ್ ಗ್ರಿಫಿನ್ ಎಂದರೆ ಯಾರು?

ಅಮೆರಿಕದಲ್ಲಿ ಸಂಜೆ ಏಳರ ಆಸುಪಾಸಿಗೆ ಟಿವಿ ಹಾಕಿದವರಿಗೆ ನಲವತ್ತು ವರ್ಷಗಳಿಂದ ಎರಡು ಆಟಗಳು ತಪ್ಪದೆ ಸಿಗುತ್ತಿವೆ. ಒಂದು ‘ಜೆಪರ್ಡಿ’. ನೀಲಿ ಚೌಕಗಳ ಗೋಡೆಯ ಮುಂದೆ ಮೂವರು ಬಜರ್ ಹಿಡಿದು ತುದಿಗಾಲಲ್ಲಿ ನಿಂತಿರುವ ರಸಪ್ರಶ್ನೆ ಅದು. ಇನ್ನೊಂದು ‘ವ್ಹೀಲ್ ಆಫ್ ಫಾರ್ಚೂನ್’. ಬಣ್ಣಬಣ್ಣದ ಚಕ್ರ ತಿರುಗಿಸಿ, ಖಾಲಿ ಮನೆಗಳ ಹಿಂದೆ ಅಡಗಿರುವ ಮಾತನ್ನು ಒಂದೊಂದೇ ಅಕ್ಷರ ಕೇಳಿ ಬಿಡಿಸುವ ಆಟ. ಎರಡೂ ಮರ್ವ್ ಗ್ರಿಫಿನ್ ಎಂಬ ಒಬ್ಬರೇ ವ್ಯಕ್ತಿಯ ಕಂಪನಿಯಿಂದ ಬಂದವು. 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೊದಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡ ಗ್ರಿಫಿನ್ ಹಾಡುಗಾರ, ಸಿನಿಮಾ ನಟ, ಟಿವಿ ನಿರೂಪಕ, ಕೊನೆಗೆ ಹೋಟೆಲ್ ಮಾಲೀಕ ಎಲ್ಲವೂ ಆಗಿದ್ದರು. ಒಂದು ಕಾಲಕ್ಕೆ ಮನೆಮನೆಗೂ ಪರಿಚಿತವಾಗಿದ್ದ ಅವರ ಮುಖವನ್ನು ಇಂದು ಈ ಆಟಗಳನ್ನು ನೋಡುವ ಹುಡುಗರು ಗುರುತಿಸುವುದು ಅನುಮಾನ. ಇದನ್ನು ಕಲಾವಿದನೊಬ್ಬನ ದುರದೃಷ್ಟ ಎನ್ನುವವರಿದ್ದಾರೆ. ನನಗೆ ಇದು ಅವರ ಕಸುಬಿನ ಗೆಲುವಾಗಿಯೇ ಕಾಣುತ್ತದೆ. ತಾನಿಲ್ಲದಿದ್ದರೂ ನಡೆಯುವಂಥದ್ದನ್ನು ಕಟ್ಟುವುದು ರಂಜನೆಯ ಲೋಕದಲ್ಲಿ ಅಪರೂಪ. ಗ್ರಿಫಿನ್‌ಗೆ ಅದು ಸಾಧ್ಯವಾದದ್ದು ನೋಡುಗನನ್ನೇ ಆಟಗಾರನ ಜಾಗದಲ್ಲಿ ಕೂರಿಸಿದ್ದರಿಂದ.

ಅವರ ವೃತ್ತಿಯ ಮೊದಲ ಇಪ್ಪತ್ತು ವರ್ಷಗಳನ್ನು ನೋಡಿದರೆ, ತಾನಿಲ್ಲದೆಯೂ ನಡೆಯುವುದನ್ನು ಕಟ್ಟಬೇಕೆಂಬ ಪಾಠ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಹತ್ತೊಂಬತ್ತನೆಯ ವಯಸ್ಸಿಗೇ ಸ್ಯಾನ್ ಫ್ರಾನ್ಸಿಸ್ಕೊದ ರೇಡಿಯೊದಲ್ಲಿ ಹಾಡುತ್ತಿದ್ದರು. ಆಗ ಅವರದು ಭಾರೀ ಮೈ. ದನಿ ಕೇಳಿ ಮರುಳಾಗಿ ನೋಡಲು ಬಂದ ಅಭಿಮಾನಿಗಳು ಎದುರಿಗೇ ನಕ್ಕುಬಿಟ್ಟರಂತೆ. ಕೆಲವೇ ತಿಂಗಳಲ್ಲಿ ತೂಕ ಇಳಿಸಿಕೊಂಡರು. ಆಮೇಲೆ ಫ್ರೆಡ್ಡಿ ಮಾರ್ಟಿನ್ ವಾದ್ಯವೃಂದದ ಜೊತೆ ಊರೂರು ತಿರುಗಾಟ. ಜಾತ್ರೆಯ ತೆಂಗಿನಕಾಯಿ ಅಂಗಡಿಯ ಮೇಲಿನ ಒಂದು ತಮಾಷೆ ಹಾಡನ್ನು ಲಂಡನ್ನಿನ ಬೀದಿ ಇಂಗ್ಲಿಷಿನಲ್ಲಿ ಹಾಡಿ ದೇಶವೆಲ್ಲ ಗುನುಗುವಂತೆ ಮಾಡಿದರು. ರೆಕಾರ್ಡಿನ ಮೇಲೆ ದೊಡ್ಡದಾಗಿ ಇದ್ದದ್ದು ಮಾರ್ಟಿನ್ ಹೆಸರು. ಹಾಡುಗಾರ್ತಿ ಡೋರಿಸ್ ಡೇ ನೆರವಿನಿಂದ ವಾರ್ನರ್ ಬ್ರದರ್ಸ್ ಬಾಗಿಲು ತೆರೆಯಿತು, ಆದರೆ ಪಾತ್ರಗಳು ಕೈಗೂಡಲಿಲ್ಲ. ಕೊನೆಗೆ ಸ್ಟುಡಿಯೊದ ಒಪ್ಪಂದದಿಂದ ಬಿಡಿಸಿಕೊಂಡು ಹೊರಬಂದರು. 1958ರಲ್ಲಿ ‘ಪ್ಲೇ ಯುವರ್ ಹಂಚ್’ ಎಂಬ ಆಟದ ನಿರೂಪಕರಾದರು. ಅದರ ಒಡೆತನ ಮಾರ್ಕ್ ಗುಡ್‌ಸನ್ ಮತ್ತು ಬಿಲ್ ಟಾಡ್‌ಮನ್ ಅವರದು. ಹೀಗೆ ಹಾಡಿದರೆ ವಾದ್ಯವೃಂದದ ಯಜಮಾನನಿಗೆ, ನಟಿಸಿದರೆ ಸ್ಟುಡಿಯೊಗೆ, ಆಟ ಆಡಿಸಿದರೆ ಅದನ್ನು ಕಟ್ಟಿದವರಿಗೆ. ಬಾಡಿಗೆ ಮುಖದ ಆಯಸ್ಸು ಎಷ್ಟೆಂದು ಅವರು ಲೆಕ್ಕ ಹಾಕಿರಲೇಬೇಕು. 1962ರ ಅಕ್ಟೋಬರ್ 1ರಂದು ಜಾನಿ ಕಾರ್ಸನ್ ‘ಟುನೈಟ್’ ಎಂಬ ರಾತ್ರಿಯ ಮಾತುಕತೆ ಕಾರ್ಯಕ್ರಮದ ಗದ್ದುಗೆ ಏರಿದ ದಿನವೇ ಎನ್‌ಬಿಸಿ ವಾಹಿನಿ ಗ್ರಿಫಿನ್‌ಗೆ ಹಗಲಿನ ಮಾತುಕತೆ ಕಾರ್ಯಕ್ರಮವೊಂದನ್ನು ಕೊಟ್ಟಿತು. ಮರುವರ್ಷವೇ ಅದನ್ನು ನಿಲ್ಲಿಸಿತು. ಅಲ್ಲಿಂದ ಅವರು ತಮ್ಮದೇ ಆಟಗಳನ್ನು ಕಟ್ಟಲು ಕೂತರು.

ಆದರೆ ಆ ಹೊತ್ತಿನಲ್ಲಿ ರಸಪ್ರಶ್ನೆ ಎಂದರೆ ಜನ ಮೂಗು ಮುರಿಯುತ್ತಿದ್ದರು. 1950ರ ದಶಕದಲ್ಲಿ ಸಾವಿರಾರು ಡಾಲರ್ ಬಹುಮಾನದ ಪ್ರಶ್ನೋತ್ತರಗಳು ಅಮೆರಿಕಕ್ಕೆ ಹುಚ್ಚು ಹಿಡಿಸಿದ್ದವು. ‘ಟ್ವೆಂಟಿ ಒನ್’ ಆಟದಲ್ಲಿ ಹರ್ಬರ್ಟ್ ಸ್ಟೆಂಪೆಲ್ ಗೊತ್ತಿದ್ದ ಉತ್ತರವನ್ನು ಬೇಕೆಂದೇ ತಪ್ಪು ಹೇಳಿ ಸೋತದ್ದು, ಗೆದ್ದ ಕಾಲೇಜು ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್‌ಗೆ ಮೊದಲೇ ಉತ್ತರ ಸಿಗುತ್ತಿದ್ದದ್ದು ಬಯಲಾಯಿತು. 1959ರ ನವೆಂಬರಿನಲ್ಲಿ ವ್ಯಾನ್ ಡೋರೆನ್ ಸಂಸತ್ತಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. ಮರುವರ್ಷ, ಇಂಥ ಆಟಗಳಲ್ಲಿ ಮೋಸ ಮಾಡುವುದೇ ಅಪರಾಧವೆಂಬ ಕಾನೂನು ಬಂತು. ಗ್ರಿಫಿನ್ ಮತ್ತು ಪತ್ನಿ ಜುಲಾನ್ ವಿಮಾನದಲ್ಲಿ ನ್ಯೂಯಾರ್ಕಿಗೆ ಮರಳುವಾಗ ನಡೆದ ಮಾತು ಈಗ ಆ ದೇಶದ ಟಿವಿ ಚರಿತ್ರೆಯ ಭಾಗ. ರಸಪ್ರಶ್ನೆಯನ್ನು ಮತ್ತೆ ತರಬೇಕು, ಯಾರೂ ನಂಬುವುದಿಲ್ಲವಲ್ಲ ಎಂದು ಗಂಡ ತಲೆ ಕೆಡಿಸಿಕೊಂಡಿದ್ದಾಗ, ಉತ್ತರ ಕೊಟ್ಟರೆಂದು ತಾನೆ ತಕರಾರು, ಉತ್ತರವನ್ನೇ ಬಹಿರಂಗವಾಗಿ ಕೊಟ್ಟುಬಿಡಿ, ಪ್ರಶ್ನೆ ಅವರು ಹೇಳಲಿ ಎಂದರು ಹೆಂಡತಿ. ಉದಾಹರಣೆಗೆ ಉತ್ತರ 5,280. ಪ್ರಶ್ನೆ, ಒಂದು ಮೈಲಿಗೆ ಎಷ್ಟು ಅಡಿ? ಈ ಕುಚೋದ್ಯವೇ 1964ರ ಮಾರ್ಚ್ 30ರಂದು ‘ಜೆಪರ್ಡಿ’ಯಾಗಿ ಎನ್‌ಬಿಸಿಯಲ್ಲಿ ಶುರುವಾಯಿತು.

ಈ ಉಲ್ಟಾ ಪ್ರಶ್ನೆಯೇ ಆಟದ ಜೀವಾಳವೆಂದು ಎಲ್ಲರೂ ಬರೆಯುತ್ತಾರೆ. ನನಗೆ ಅದು ಹೊರಗಿನ ಬಟ್ಟೆ. ಎರಡು-ಮೂರು ಸಾಲಿನ ಸುಳಿವು ಕೊಡುತ್ತಾರೆ, ಸ್ಪರ್ಧಿ ‘ಏನು’ ಅಥವಾ ‘ಯಾರು’ ಸೇರಿಸಿ ಹೆಸರು ಹೇಳುತ್ತಾನೆ; ಅಷ್ಟೇ. ಇದು ನಮ್ಮ ಒಗಟಿನ ಕ್ರಮವೇ. ಒಗಟು ಪ್ರಶ್ನೆ ಕೇಳುವುದಿಲ್ಲ, ವರ್ಣಿಸುತ್ತದೆ. ಕೇಳಿದವನು ಹೆಸರು ಒಡೆಯುತ್ತಾನೆ. ವರ್ಣನೆಯಲ್ಲಿ ಒಂದಿಷ್ಟು ಶ್ಲೇಷೆ, ಒಂದಿಷ್ಟು ದಾರಿ ತಪ್ಪಿಸುವ ಮಾತು ತುಂಬಬಹುದು. ಹಾಗಾಗಿ ವಿಷಯ ಪೂರಾ ಗೊತ್ತಿಲ್ಲದವನೂ ಮಾತಿನ ಎಳೆ ಹಿಡಿದು ಉತ್ತರಕ್ಕೆ ತಲುಪಬಹುದು. ಇದರ ಮೇಲೆ ವೇಗ. ಆರು ವಿಷಯಗಳಿಗೆ ಐದೈದು ಸುಳಿವು, ಅಂಥ ಎರಡು ಸುತ್ತು, ಕೊನೆಗೆ ಒಂದು. ಅರ್ಧ ಗಂಟೆಯಲ್ಲಿ 61. ಒಂದು ತಪ್ಪಿತೆಂದು ಹಲ್ಲು ಕಡಿಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಮೊದಲ ಸುತ್ತಿನ ಸುಳಿವುಗಳ ಬೆಲೆ ಆಗ 10ರಿಂದ 50 ಡಾಲರ್ ಮಾತ್ರ. ಹಿಂದಿನ ಆಟಗಳು ದೊಡ್ಡ ಮೊತ್ತ ತೋರಿಸಿ ಒಬ್ಬನ ಬೆವರನ್ನು ಲಕ್ಷಾಂತರ ಜನಕ್ಕೆ ನೋಡಿಸುತ್ತಿದ್ದವು. ಗ್ರಿಫಿನ್ ಮೊತ್ತ ಇಳಿಸಿ ಪ್ರಶ್ನೆ ಹೆಚ್ಚಿಸಿದರು. ಸೋಫಾದ ಮೇಲೆ ಕೂತವನಿಗೆ ಪುಕ್ಕಟೆ ಸಿಗುವುದು ಪ್ರಶ್ನೆಯೇ ಹೊರತು ಹಣವಲ್ಲ.

ಕೊನೆಯ ಸುಳಿವಿನ ಹೊತ್ತನ್ನಷ್ಟೇ ನೋಡಿ. ಮೂವರೂ ತಮ್ಮ ಗಳಿಕೆಯಿಂದ ಎಷ್ಟು ಪಣಕ್ಕಿಡುವುದೆಂದು ಮೊದಲೇ ಬರೆದಿಟ್ಟಿರುತ್ತಾರೆ. ಸುಳಿವು ಬಂದ ಮೇಲೆ ಉತ್ತರ ಬರೆಯಲು 30 ಸೆಕೆಂಡು. ಯಾರೂ ಮಾತಾಡುವಂತಿಲ್ಲ. ಟಿವಿಯಲ್ಲಿ ಅರ್ಧ ನಿಮಿಷ ಏನೂ ನಡೆಯದಿರುವುದೆಂದರೆ ನಿರ್ಮಾಪಕನ ಎದೆ ಹೊಡೆದುಕೊಳ್ಳಬೇಕು. ಆ ಖಾಲಿ ಜಾಗಕ್ಕೆ ಗ್ರಿಫಿನ್ ತಮ್ಮ ಮಗ ಟೋನಿಗೆಂದು ಕಟ್ಟಿದ್ದ ಜೋಗುಳದ ರಾಗವನ್ನು ಹಾಕಿದರು. ಟಿಕ್ ಟಿಕ್ ಎಂದು ಹೆಜ್ಜೆಯಿಡುತ್ತ ಏರಿ, ತುದಿಯಲ್ಲಿ ಎರಡು ಪೆಟ್ಟಿನೊಂದಿಗೆ ಮುಗಿಯುವ ರಾಗ. ಸ್ಪರ್ಧಿಗಳು ತಲೆ ತಗ್ಗಿಸಿ ಬರೆಯುತ್ತಿರುವ ಆ 30 ಸೆಕೆಂಡು ಪರದೆಯ ಮೇಲೆ ನಿಜಕ್ಕೂ ಏನೂ ಇಲ್ಲ. ಆಟ ನಡೆಯುತ್ತಿರುವುದು ಮನೆಗಳಲ್ಲಿ. ಒಂದು ನಿಮಿಷವೂ ಹಿಡಿಯದೆ ಹೊಳೆದ ಆ ರಾಗದಿಂದ ತಮಗೆ 7 ಕೋಟಿ ಡಾಲರಿಗೂ ಮಿಕ್ಕು ಬಂದಿದೆಯೆಂದು ಗ್ರಿಫಿನ್ ಮುಪ್ಪಿನಲ್ಲಿ ಹೇಳಿಕೊಂಡರು. ಹಾಡುಗಾರನಾಗಿ ಜೀವಮಾನವಿಡೀ ಹಾಡಿದ್ದರೂ ಅಷ್ಟು ಬರುತ್ತಿರಲಿಲ್ಲ.

‘ವ್ಹೀಲ್ ಆಫ್ ಫಾರ್ಚೂನ್’ ಇನ್ನೂ ಸರಳ. ಬಾಲ್ಯದಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಸಹೋದರಿಯ ಜೊತೆ ಆಡುತ್ತಿದ್ದ ಹ್ಯಾಂಗ್‌ಮನ್ ಎಂಬ ಅಕ್ಷರದಾಟಕ್ಕೆ ಜೂಜುಕಟ್ಟೆಯ ಚಕ್ರ ಸೇರಿಸಿದರು. ನಮ್ಮ ಇಂಗ್ಲಿಷ್ ಮೀಡಿಯಂ ಮಕ್ಕಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆಡುವ ಆಟವೇ ಅದು. 1973ರ ಮಾದರಿ ಕಂತಿನಲ್ಲಿ ಚಕ್ರ ಗೋಡೆ ಗಡಿಯಾರದಂತೆ ನೆಟ್ಟಗೆ ನಿಂತಿತ್ತು. ಮುಂದೆ ಅದನ್ನು ಮಲಗಿಸಿ, ಸ್ಪರ್ಧಿಗಳೇ ಬಾಗಿ ಕೈಯಾರೆ ತಿರುಗಿಸುವಂತೆ ಮಾಡಿದರು. 1975ರ ಜನವರಿ 6ರಂದು ಆಟ ತೆರೆಗೆ ಬಂತು. ಅದರೊಳಗಿನ ಒಂದು ನಿಯಮ ನನಗೆ ಬಹಳ ಜಾಣ ಎನಿಸುತ್ತದೆ: ವ್ಯಂಜನ ಕೇಳಿದರೆ ದುಡ್ಡು ಬರುತ್ತದೆ, ಸ್ವರ ಬೇಕೆಂದರೆ 250 ಡಾಲರ್ ಕೊಟ್ಟು ಕೊಳ್ಳಬೇಕು. ಇಂಗ್ಲಿಷಿನ ಐದು ಸ್ವರಗಳು ಬಿಟ್ಟಿ ಸಿಕ್ಕರೆ ಯಾವ ಮಾತಾದರೂ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಬೆಲೆ ಕಟ್ಟಿದ್ದರಿಂದ ಅಷ್ಟು ಹೊತ್ತು ಅಡಗಿರುತ್ತದೆ. (ಕನ್ನಡದಲ್ಲಿ ಈ ವ್ಯಾಪಾರ ನಡೆಯದು. ‘ಗಾಳಿಪಟ’ದ ‘ಗಾ’ ಎಂದೊಡನೆ ಸ್ವರವೂ ಜೊತೆಗೇ ಬಂದಾಯಿತು. ಕಾಗುಣಿತದ ಮುಂದೆ ಸ್ವರದ ಅಂಗಡಿ ಬಾಗಿಲು ಹಾಕಬೇಕು.) ಚಕ್ರದ ಮುಂದೆ ನಿಂತವನಿಗೆ ಗಳಿಸಿದ್ದನ್ನು ಕಳೆಯುವ ‘ದಿವಾಳಿ’ ಮನೆಗೆ ಬೀಳುವ ಭಯವಿದೆ, ತಾಳ್ಮೆ ಬೇಕು. ಮನೆಯಲ್ಲಿರುವವನಿಗೆ ಚಕ್ರದ ಹಂಗಿಲ್ಲ, ಅಕ್ಷರಗಳಷ್ಟೇ. ಅವನು ಹೆಚ್ಚಿನ ಸಲ ಮೊದಲೇ ಕಂಡುಹಿಡಿದು, ಪರದೆಯ ಮೇಲಿನವರನ್ನು ದಡ್ಡರೆಂದು ಬೈಯುತ್ತ ಕೂರುತ್ತಾನೆ. ದಿನದ ದುಡಿಮೆ ಮುಗಿಸಿ ಬಂದವನಿಗೆ ಈ ಸಣ್ಣ ಹೆಮ್ಮೆಯನ್ನು ಪ್ರತಿ ಸಂಜೆ ಒದಗಿಸುವುದು ಸಣ್ಣ ಕೆಲಸವಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಒಂದು ಆಟದ ಯೋಚನೆ ಹೆಂಡತಿಯದು, ಇನ್ನೊಂದು ಮಕ್ಕಳದು. ಹಾಗಿದ್ದರೆ ಗ್ರಿಫಿನ್ ಕಟ್ಟಿದ್ದಾದರೂ ಏನು? ಜುಲಾನ್‌ಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. ಗ್ರಿಫಿನ್ ಕೂಡ ಆ ಕಥೆಯನ್ನು ಮುಚ್ಚಿಟ್ಟವರಲ್ಲ. ಆದರೆ ಹೊಳಹು ಬೇರೆ, ಆಟ ಬೇರೆ. ವಿಮಾನದಲ್ಲಿ ಹುಟ್ಟಿದ್ದು ಒಂದು ಸಾಲು. ಚಾನೆಲ್‌ನವರು ಇದರಲ್ಲಿ ಅಪಾಯ ಸಾಲದು ಎಂದಾಗ ತಪ್ಪು ಹೇಳಿದರೆ ಹಣ ಕಳೆಯುವ ನಿಯಮಕ್ಕೆ ಒತ್ತು ಕೊಟ್ಟು ‘ಅಪಾಯ’ ಎಂಬ ಅರ್ಥದ ಹೆಸರನ್ನೇ ಇಟ್ಟದ್ದು, ಕೊನೆಗೆ ಪಣ ತಂದದ್ದು, ಮೌನಕ್ಕೆ ರಾಗ ಹಾಕಿದ್ದು, ಇವೆಲ್ಲ ಒಟ್ಟಾದಾಗ ಆಟವಾಯಿತು. ಚದುರಂಗದ ಹಲಗೆ ಎಲ್ಲರಿಗೂ ಕಾಣುತ್ತದೆ, ಕುದುರೆಗೆ ಎರಡೂವರೆ ಮನೆಯ ನಡೆ ಕೊಟ್ಟವನ ತಲೆ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯದು. ಜನ ನೋಡುವುದು ಹಣಕ್ಕಾಗಿ, ಯಾರೋ ಒಬ್ಬನ ಅದೃಷ್ಟ ಖುಲಾಯಿಸುವ ನಾಟಕಕ್ಕಾಗಿ. ನೋಡುಗ ಆಡುತ್ತಾನೆ ಎಂಬುದು ಸುಮ್ಮನೆ ಹೊಗಳಿಕೆ ಎನ್ನಬಹುದು. ಇದಕ್ಕೆ ಸಾಕ್ಷಿಯಾಗಿ ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿ, 2000ದಲ್ಲಿ ಅಮಿತಾಭ್ ಬಚ್ಚನ್ ಮೂಲಕ ಭಾರತಕ್ಕೆ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಮೂಲಕ ‘ಕನ್ನಡದ ಕೋಟ್ಯಧಿಪತಿ’ಯಾಗಿ ನಮ್ಮ ಮನೆಗಳಿಗೂ ಬಂದ ಆಟವನ್ನು ತೋರಿಸಬಹುದು. ಅಲ್ಲಿ ಪ್ರಶ್ನೆ ಕಡಿಮೆ, ಉಸಿರು ಬಿಗಿಹಿಡಿಯುವುದು ಹೆಚ್ಚು, ಮೊತ್ತ ಕೋಟಿ. ಒಪ್ಪೋಣ. ಆದರೆ ಆ ಆಟ ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ ಕೊಡುತ್ತದೆ. ಸ್ಪರ್ಧಿ ‘ಲಾಕ್’ ಎನ್ನುವ ಮೊದಲೇ ಪಡಸಾಲೆಯಲ್ಲಿ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ‘ಬಿ, ಬಿ’ ಎಂದು ಕೂಗಿರುತ್ತಾರೆ. ಆ ನಾಲ್ಕು ಮನೆಗಳನ್ನು ತೆಗೆದು ಬರೀ ಕೋಟಿ ಉಳಿಸಿದರೆ ಎಷ್ಟು ದಿನ ನಡೆದೀತು? ಇದಕ್ಕಿಂತ ನೇರ ಸಾಕ್ಷಿ ನಮ್ಮ ಬಳಿಯೇ ಇದೆ. ದೂರದರ್ಶನ ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಪುಸ್ತಕಗಳು. ಪುಸ್ತಕದ ಆಸೆಗೆ ಜನ ವರ್ಷಗಟ್ಟಲೆ ಟಿವಿ ಮುಂದೆ ಕೂರುವುದಿಲ್ಲ. ಸ್ಪರ್ಧಿಗಿಂತ ಮೊದಲು ಥಟ್ಟನೆ ಹೇಳುವ ಚಪಲಕ್ಕೆ ಕೂರುತ್ತಾರೆ. ಗ್ರಿಫಿನ್‌ಗೂ ಇದಕ್ಕೂ ನಂಟಿಲ್ಲ, ಆದರೆ ಎರಡೂ ನಿಂತಿರುವುದು ಮನುಷ್ಯನ ಅದೇ ಚಪಲದ ಮೇಲೆ.

ಗ್ರಿಫಿನ್ ಅವರ ನಿಜವಾದ ಸಾಧನೆ ಆಟಗಳಲ್ಲ, ಮಾತುಕತೆ ಎನ್ನುವವರೂ ಇದ್ದಾರೆ. 1965ರಲ್ಲಿ ಮತ್ತೆ ಶುರುವಾದ ‘ದ ಮರ್ವ್ ಗ್ರಿಫಿನ್ ಶೋ’ 1986ರವರೆಗೆ ನಡೆಯಿತು. ಬರ್ಟ್ರಂಡ್ ರಸೆಲ್ ಅಲ್ಲಿ ವಿಯೆಟ್ನಾಂ ಯುದ್ಧವನ್ನು ಖಂಡಿಸಿದರು. 1975ರಲ್ಲಿ ಮಹರ್ಷಿ ಮಹೇಶ್ ಯೋಗಿ ಬಂದು ಕೂತ ಮೇಲೆ ಅವರ ಧ್ಯಾನ ಪದ್ಧತಿಗೆ ಅಮೆರಿಕದಲ್ಲಿ ಜನ ಮುಗಿಬಿದ್ದರು. ನಿರ್ದೇಶಕ ಆರ್ಸನ್ ವೆಲ್ಸ್ 1985ರ ಅಕ್ಟೋಬರಿನಲ್ಲಿ ಇದೇ ಕಾರ್ಯಕ್ರಮದಲ್ಲಿ ಮಾತಾಡಿ, ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಕಲಾವಿದನಾಗಿ ಇದೇ ಹೆಚ್ಚಿನದು ಎಂದರೆ ಜಗಳವಿಲ್ಲ. ಆದರೆ ಮಾತುಕತೆಗೆ ಆ ಮುಖ, ಆ ಕುತೂಹಲ, ಮುಂದಕ್ಕೆ ಬಾಗಿ ಕೇಳುವ ಆ ಭಂಗಿ ಬೇಕು. ಅವರು ಎದ್ದು ಹೋದ ದಿನ ಅದು ಮುಗಿಯಿತು. ಇತ್ತ ‘ಜೆಪರ್ಡಿ’ಯ ಮೊದಲ ಹನ್ನೊಂದು ವರ್ಷಗಳ ಟೇಪುಗಳನ್ನು ಎನ್‌ಬಿಸಿ ಬಹುಪಾಲು ಅಳಿಸಿಹಾಕಿತು, ಆರ್ಟ್ ಫ್ಲೆಮಿಂಗ್ ನಿರೂಪಿಸಿದ ಕಂತುಗಳಲ್ಲಿ ಉಳಿದಿರುವುದು ಅಲ್ಪ. ಆದರೂ 1984ರಲ್ಲಿ ಅಲೆಕ್ಸ್ ಟ್ರೆಬೆಕ್ ಜೊತೆ ಆಟ ಮತ್ತೆ ಎದ್ದು ನಿಂತಿತು, 2020ರಲ್ಲಿ ಟ್ರೆಬೆಕ್ ತೀರಿಕೊಂಡ ಮೇಲೂ ನಿಲ್ಲಲಿಲ್ಲ. 2011ರಲ್ಲಿ ಐಬಿಎಂನ ವಾಟ್ಸನ್ ಎಂಬ ಯಂತ್ರವನ್ನೇ ಸ್ಪರ್ಧಿಯಾಗಿ ನಿಲ್ಲಿಸಿದಾಗಲೂ ಆಟದ ಮೂಲ ನಿಯಮ ಬದಲಿಸಬೇಕಾಗಲಿಲ್ಲ. ಅದು ಇಬ್ಬರು ಚಾಂಪಿಯನ್ನರನ್ನು ಸೋಲಿಸಿತು, ಆಟ ಎಂದಿನಂತೆ ಮುಂದುವರಿಯಿತು.

ಗ್ರಿಫಿನ್ ತಮ್ಮ ಕಂಪನಿಯನ್ನು 1986ರಲ್ಲಿ, ಆಗ ಕೊಲಂಬಿಯಾ ಪಿಕ್ಚರ್ಸ್ ಒಡೆತನ ಹೊಂದಿದ್ದ ಕೋಕಾ-ಕೋಲಾಗೆ 25 ಕೋಟಿ ಡಾಲರಿಗೆ ಮಾರಿದರು. ರಾಗದ ಹಕ್ಕು ಇಟ್ಟುಕೊಂಡರು, ಎಷ್ಟಾದರೂ ಹಾಡುಗಾರ. ಮುಂದೆ ಕೈಹಾಕಿದ್ದೆಲ್ಲ ಚಿನ್ನವಾಗಲಿಲ್ಲ. 1988ರಲ್ಲಿ ಡೊನಾಲ್ಡ್ ಟ್ರಂಪ್ ಜೊತೆ ಜಿದ್ದಿಗೆ ಬಿದ್ದು ಕೊಂಡ ರಿಸಾರ್ಟ್ಸ್ ಇಂಟರ್‌ನ್ಯಾಷನಲ್ ಮರುವರ್ಷವೇ ದಿವಾಳಿ ಅರ್ಜಿ ಹಾಕಿತು. 1990ರಲ್ಲಿ ‘ಮೊನೊಪಲಿ’ಯನ್ನು ಟಿವಿಗೆ ತಂದರು, ಒಂದು ಬೇಸಿಗೆ ದಾಟಲಿಲ್ಲ. ಅಷ್ಟು ಸೂತ್ರ ಗೊತ್ತಿದ್ದವರು ಸೋತದ್ದೇಕೆ ಎಂದು ಕೇಳಬಹುದು. ಸೂತ್ರ ಗೊತ್ತಿದ್ದ ಮಾತ್ರಕ್ಕೆ ಅಡುಗೆ ಪ್ರತಿ ಸಲ ಕುದುರುವುದಿಲ್ಲ. ಅದೂ ಅಲ್ಲದೆ ದಾಳ ಉರುಳುವುದನ್ನು ಕಾಯುವಾಗ ಮನೆಯಲ್ಲಿರುವವನಿಗೆ ಕೆಲಸವಿರುವುದಿಲ್ಲ. ಕೊನೆಯ ದಿನಗಳಲ್ಲಿ ಅವರು ಪದಬಂಧದ ಆಟವೊಂದನ್ನು ಸಿದ್ಧಪಡಿಸಿದ್ದರು. ಆಗಸ್ಟ್ 12, 2007ರಂದು ತೀರಿಕೊಂಡರು, ಸೆಪ್ಟೆಂಬರ್ 10ರಂದು ಆ ಆಟ ತೆರೆಗೆ ಬಂತು. ಅದರ ಹೆಸರು ‘ಮರ್ವ್ ಗ್ರಿಫಿನ್ಸ್ ಕ್ರಾಸ್‌ವರ್ಡ್ಸ್’. ಅವರ ಹೆಸರು ಹೊತ್ತ ಆ ಆಟ ಒಂದೇ ಸರಣಿಗೆ ಮುಗಿಯಿತು. ಹೆಸರಿಲ್ಲದ ಎರಡು ಈಗಲೂ ಸಂಜೆ ಏಳರ ಹೊತ್ತಿಗೆ ಬರುತ್ತಿವೆ.